ಬೇಳೆ ಮಿಲ್ಲಿನೊಳಗೆ ಮಾಸ್ಟ್ ಲಿಫ್ಟ್: ಎಷ್ಟು ನಂಬಬಹುದು?

ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ತೊಗರಿ ಬೇಳೆ ಮಿಲ್ಲು ಇದೆ. ಶೆಡ್ಡಿನ ಎತ್ತರ ಸುಮಾರು 9 ಮೀಟರ್. ಮೇಲಿನ ಲೈಟು ಬದಲಿಸಲು, ಕಾಳನ್ನು ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರಿನ ತಲೆಯ ಬೇರಿಂಗ್ ಬಿಚ್ಚಲು, ಚಾವಣಿಯ ಶೀಟುಗಳ ಬೋಲ್ಟು ಬಿಗಿ ಮಾಡಲು ಇದುವರೆಗೂ ನಿಚ್ಚಣಿಕೆಯನ್ನೇ ಬಳಸುತ್ತಿದ್ದೇವೆ. ಈಗ ಅಲ್ಯೂಮಿನಿಯಂ ಕಂಬಗಳು ಒಂದರೊಳಗಿಂದ ಒಂದು ಹೊರಬಂದು ಮೇಲೇರುವ ಮಾಸ್ಟ್ ಲಿಫ್ಟೊಂದು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತಿದೆ. ಮೇಲಕ್ಕೆ ಹೋದಾಗ ಅದು ಅಲುಗಾಡುವುದನ್ನು ಕಂಡು ನಮ್ಮ ಹುಡುಗರು ಹತ್ತಲು ಅಂಜುತ್ತಾರೆ. ಮಾರುವವರು ಮಾತ್ರ ಇಬ್ಬರು ಹತ್ತಿದರೂ ಏನೂ ಆಗುವುದಿಲ್ಲ ಎನ್ನುತ್ತಾರೆ. ಈ ಯಂತ್ರ ಕೆಲಸ ಮಾಡುವ ಬಗೆ ಹೇಗೆ, ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನೀವು ಹೇಳಿರುವ ಮೂರು ಕೆಲಸಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ. ಲೈಟು ಬದಲಿಸುವ ಕೆಲಸಕ್ಕೆ ಈ ಲಿಫ್ಟು ನಿಚ್ಚಣಿಕೆಗಿಂತ ನಿಸ್ಸಂದೇಹವಾಗಿ ಮೇಲು. ಎಲಿವೇಟರಿನ ಬೇರಿಂಗ್ ಬಿಚ್ಚಲು ಇದನ್ನು ಬಳಸಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಶೀಟಿನ ಕೆಲಸ ಒಳಗಿನಿಂದ ಆಗುವಂತಿದ್ದರೆ ಸರಿ, ಹೊರಗಿನಿಂದಾದರೆ ಬೇಡ. ಇಬ್ಬರು ಹತ್ತುವ ಮಾತನ್ನಂತೂ ಇಲ್ಲಿಗೇ ಬಿಟ್ಟುಬಿಡಿ. ಹೀಗೆ ಹೇಳುವುದಕ್ಕೆ ಕಾರಣಗಳು ಯಂತ್ರದ ರಚನೆಯಲ್ಲೇ ಇರುವುದರಿಂದ ಮೊದಲು ಅದನ್ನು ನೋಡೋಣ.

ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಏರಿಯಲ್ಲಿನಂತೆ ಇದರಲ್ಲೂ ಒಂದರೊಳಗೊಂದು ಕೂಡುವ ಐದಾರು ಕಂಬಗಳಿವೆ. ಆದರೆ ಏರಿಯಲ್ಲಿನಲ್ಲಿ ಒಂದೊಂದು ಕೊಳವೆಯೂ ತನ್ನಷ್ಟಕ್ಕೆ ಹೊರಬರುತ್ತದೆ. ಇಲ್ಲಿ ಎಲ್ಲ ಕಂಬಗಳೂ ಒಟ್ಟಿಗೆ ಏರುತ್ತವೆ. ಬುಡದ ಕಂಬ ಚಾಸಿಗೆ ಬಿಗಿದಿರುತ್ತದೆ, ಅದು ಅಲುಗುವುದಿಲ್ಲ. ಹೈಡ್ರಾಲಿಕ್ ಸಿಲಿಂಡರು ಎರಡನೆಯ ಕಂಬವೊಂದನ್ನಷ್ಟೇ ಮೇಲಕ್ಕೆ ತಳ್ಳುತ್ತದೆ. ಆ ಎರಡನೆಯ ಕಂಬದ ತಲೆಯಲ್ಲಿ ಒಂದು ಪುಲ್ಲಿ ಇದ್ದು, ಅದರ ಮೇಲೆ ಹಾದುಹೋದ ಚೈನಿನ ಒಂದು ತುದಿಯನ್ನು ಬುಡದ ಕಂಬಕ್ಕೂ ಮತ್ತೊಂದು ತುದಿಯನ್ನು ಮೂರನೆಯ ಕಂಬದ ಕೆಳಭಾಗಕ್ಕೂ ಕಟ್ಟಿರುತ್ತಾರೆ. ಎರಡನೆಯದು ಏರಿದಂತೆಲ್ಲ ಈ ಚೈನು ಮೂರನೆಯದನ್ನು ಮೇಲಕ್ಕೆಳೆಯುತ್ತದೆ, ಮೂರನೆಯದರ ತಲೆಯ ಚೈನು ನಾಲ್ಕನೆಯದನ್ನು, ಹೀಗೆ ಕೊನೆಯ ಕಂಬಕ್ಕೆ ಜೋಡಿಸಿದ ಬಾಸ್ಕೆಟ್ಟಿನವರೆಗೆ. ಸಿಲಿಂಡರು 1.5 ಮೀಟರ್ ಹೊರಬಂದರೆ ಎರಡನೆಯ ಕಂಬ 1.5 ಮೀಟರ್, ಮೂರನೆಯದು 3 ಮೀಟರ್, ನಾಲ್ಕನೆಯದು 4.5 ಮೀಟರ್ ಏರುತ್ತವೆ. ಚಲಿಸುವ ಕಂಬಗಳು ಐದಿದ್ದರೆ ಬಾಸ್ಕೆಟ್ಟು 7.5 ಮೀಟರ್ ಏರಿರುತ್ತದೆ. ಕೆಲವು ತಯಾರಿಕೆಗಳಲ್ಲಿ ಚೈನಿನ ಬದಲು ಉಕ್ಕಿನ ಹಗ್ಗವಿರುತ್ತದೆ, ಲೆಕ್ಕ ಬದಲಾಗುವುದಿಲ್ಲ. ಅಂದ ಹಾಗೆ, ಮಾರುವವರು ಹೇಳುವ ಎತ್ತರ ಬಾಸ್ಕೆಟ್ಟಿನ ನೆಲದ್ದೋ ಅಥವಾ ಅದಕ್ಕೆ ನಿಂತವನ ಕೈಯಳತೆಯ 2 ಮೀಟರ್ ಕೂಡಿಸಿ ಹೇಳಿದ್ದೋ ಎಂಬುದನ್ನು ಕೇಳಿಕೊಳ್ಳಿ, ಎರಡೂ ರೂಢಿಯಲ್ಲಿವೆ.

ಎತ್ತರದಲ್ಲಿ ಸಿಕ್ಕ ಈ ಲಾಭಕ್ಕೆ ಬಲದಲ್ಲಿ ಬೆಲೆ ತೆರಬೇಕಾಗುತ್ತದೆ. ಬಾಸ್ಕೆಟ್ಟು, ಅದರಲ್ಲಿ ನಿಂತವನು, ಅವನ ಸಾಮಾನು ಎಲ್ಲ ಸೇರಿ 160 ಕೆ.ಜಿ. ಎಂದಿಟ್ಟುಕೊಳ್ಳಿ. ಚಲಿಸುವ ಕಂಬಗಳು ಐದಿದ್ದರೆ, ಕಂಬಗಳ ಸ್ವಂತ ತೂಕವನ್ನು ಬಿಟ್ಟೂ, ಸಿಲಿಂಡರು ಅದರ ಐದು ಪಟ್ಟು, ಅಂದರೆ 800 ಕೆ.ಜಿ. ಬಲ ಹಾಕಬೇಕು. ಚೈನುಗಳ ಸ್ಥಿತಿಯೂ ಇದೇ ರೀತಿಯದು: ಎಲ್ಲಕ್ಕೂ ಮೇಲಿನ ಚೈನು 160 ಕೆ.ಜಿ. ಹೊತ್ತರೆ ಅದರ ಕೆಳಗಿನದು 320, ಅದರ ಕೆಳಗಿನದು 480, ಬುಡದ ಕಂಬದಿಂದ ಹೊರಟ ಚೈನು 640 ಕೆ.ಜಿ. ಹೊರುತ್ತದೆ. ಪರೀಕ್ಷೆ ಮಾಡುವವರ ಕಣ್ಣಿಗೆ ಸುಲಭವಾಗಿ ಬೀಳುವುದು ಮೇಲಿನ ಚೈನು. ಹೆಚ್ಚು ಹೊರೆ ಹೊರುವುದು ಕೆಳಗಿನ ಚೈನಾದ್ದರಿಂದ, ಯಂತ್ರವನ್ನು ಪೂರ್ತಿ ಏರಿಸಿ, ಟಾರ್ಚು ಹಿಡಿದು ನೋಡಬೇಕಾದದ್ದು ಅದನ್ನೇ. ಬಾಸ್ಕೆಟ್ಟು ಖಾಲಿಯಿರಲಿ, ಕಂಬಗಳ ನಡುವೆ ಯಾರೂ ಕೈ ಹಾಕದಿರಲಿ.

ಚೈನಿನ ಸವಕಳಿಯನ್ನು ಅಳೆಯುವುದು ಕಷ್ಟದ ಕೆಲಸವೇನಲ್ಲ. ಹೊಸದಿದ್ದಾಗ ಸರಿಯಾಗಿ 300 ಮಿ.ಮೀ. ಇದ್ದ ಕೊಂಡಿಗಳ ಸಾಲು ಈಗ ಉಕ್ಕಿನ ಸ್ಕೇಲಿನಲ್ಲಿ 309 ಮಿ.ಮೀ. ತೋರಿಸಿದರೆ ಅದು ಶೇ. 3ರಷ್ಟು ಹಿಗ್ಗಿದೆ, ತೆಗೆದುಹಾಕುವ ಹಂತಕ್ಕೆ ಬಂದಿದೆ ಎಂದರ್ಥ. ತಯಾರಕರ ಪುಸ್ತಕ ಇದಕ್ಕಿಂತ ಬಿಗಿಯಾದ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ನಿಮ್ಮಂಥ ಮಿಲ್ಲಿನಲ್ಲಿ ಇನ್ನೂ ಒಂದು ತೊಡಕಿದೆ. ತೊಗರಿಗೆ ಎಣ್ಣೆ ಸವರುವ ಜಾಗದಲ್ಲಿ ಗಾಳಿಯಲ್ಲಿ ಹಾರಾಡುವ ಹೊಟ್ಟಿನ ದೂಳು ಚೈನಿನ ಎಣ್ಣೆಗೆ ಅಂಟಿಕೊಂಡು ಹಿಟ್ಟಿನ ಮುದ್ದೆಯಂತಾಗುತ್ತದೆ. ನೋಡುವವರಿಗೆ ಚೈನು ಎಣ್ಣೆಯಿಂದ ನೆನೆದಿರುವಂತೆ ಕಂಡರೂ ಒಳಗಿನ ಪಿನ್ನುಗಳು ಒಣಗಿ ತುಕ್ಕು ಹಿಡಿದಿರುತ್ತವೆ. ಒರೆಸಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಹೈಡ್ರಾಲಿಕ್ ಪೈಪು ಒಡೆದರೆ ಬಾಸ್ಕೆಟ್ಟು ಧೊಪ್ಪನೆ ಕೆಳಗೆ ಬೀಳುತ್ತದೆ ಎಂಬ ಭಯ ಸಾಮಾನ್ಯವಾಗಿ ಎಲ್ಲರಲ್ಲೂ ಇದೆ. ಸರಿಯಾಗಿ ತಯಾರಾದ ಯಂತ್ರದಲ್ಲಿ ಹಾಗಾಗುವುದಿಲ್ಲ. ಸಿಲಿಂಡರಿನ ಬಾಯಿಗೇ ನೇರವಾಗಿ ಜೋಡಿಸಿದ ವಾಲ್ವೊಂದು ಎಣ್ಣೆ ಒಮ್ಮೆಲೆ ಹೊರನುಗ್ಗಲು ಬಿಡದೆ ಅಲ್ಲಿಯೇ ತಡೆಯುತ್ತದೆ. ಇಳಿಯುವುದಕ್ಕೆ ಮೋಟಾರು ಬೇಕಿಲ್ಲ; ವಾಲ್ವು ತೆರೆದಾಗ ಬಾಸ್ಕೆಟ್ಟಿನ ತೂಕದಿಂದಲೇ ಎಣ್ಣೆ ಸಣ್ಣ ರಂಧ್ರದ ಮೂಲಕ ಟ್ಯಾಂಕಿಗೆ ಮರಳುತ್ತದೆ, ಆದ್ದರಿಂದ ವೇಗ ಮಿತಿಯಲ್ಲಿರುತ್ತದೆ. ಇಂಥ ಲಿಫ್ಟುಗಳಿಗೆಂದೇ ಇರುವ ಯುರೋಪಿನ ಇಎನ್ 280 ಮಾನಕದಲ್ಲಿ ಏರಿಳಿತದ ವೇಗ ಸೆಕೆಂಡಿಗೆ 0.4 ಮೀಟರ್ ಮೀರುವಂತಿಲ್ಲ. ಆದರೆ ಈ ವಾಲ್ವು ಕಾಯುವುದು ಎಣ್ಣೆಯನ್ನು ಮಾತ್ರ. ಚೈನು ಹರಿದರೆ ಅದು ಏನೂ ಮಾಡಲಾರದು. ಚೈನಿನ ಬಗ್ಗೆ ಇಷ್ಟು ಹೇಳಿದ್ದು ಅದಕ್ಕಾಗಿಯೇ. ಇಳಿಯುವಾಗ ಬಾಸ್ಕೆಟ್ಟಿನ ಅಂಚು ಯಾವುದಾದರೂ ಕೇಬಲ್ ಟ್ರೇಗೋ ಪೈಪಿಗೋ ಸಿಕ್ಕಿಕೊಂಡು ನಿಂತರೆ, ಕೆಳಗಿನ ಕಂಬಗಳು ಇಳಿಯುತ್ತ ಹೋಗಿ ಚೈನು ಸಡಿಲಾಗುತ್ತದೆ. ಆಮೇಲೆ ಬಾಸ್ಕೆಟ್ಟು ಬಿಡಿಸಿಕೊಂಡಿತೆಂದರೆ ಸಡಿಲಾದಷ್ಟೂ ದೂರ ಒಮ್ಮೆಲೆ ಕುಸಿಯುತ್ತದೆ. ಚೈನು ಸಡಿಲಾದ ಕೂಡಲೇ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚು ನೀವು ನೋಡಿದ ಲಿಫ್ಟಿನಲ್ಲಿ ಇದೆಯೇ, ಇದ್ದರೆ ಅದಕ್ಕೆ ತಂತಿ ಸುತ್ತಿ ನಿಷ್ಕ್ರಿಯ ಮಾಡಿಲ್ಲವೇ ಎಂಬುದನ್ನು ನೋಡಿಯೇ ಮುಂದಿನ ಮಾತು.

ಇನ್ನು ಅಲುಗಾಟ. ಒಂದು ಕಂಬ ಮತ್ತೊಂದರಲ್ಲಿ ಜಾರಬೇಕಾದರೆ ನಡುವೆ ಸ್ವಲ್ಪ ಸಂದು ಇರಲೇಬೇಕು. ಆ ಸಂದಿನಲ್ಲಿ ನೈಲಾನ್ ಪ್ಯಾಡುಗಳಿರುತ್ತವೆ. ಒಂದೊಂದು ಜೋಡಣೆಯ ಕೂದಲೆಳೆಯಷ್ಟು ಸಡಿಲವೂ ಐದು ಜೋಡಣೆಗಳಲ್ಲಿ ಕೂಡುತ್ತ ಹೋಗಿ ಮೇಲೆ ನಿಂತವನಿಗೆ ದೊಡ್ಡ ತೂಗಾಟವಾಗಿ ತಿಳಿಯುತ್ತದೆ. ಹೊಸ ಯಂತ್ರವೂ ಅಲುಗುತ್ತದೆ. ಅಲುಗಿದ ಮಾತ್ರಕ್ಕೆ ಅದು ಉರುಳುವುದಿಲ್ಲ. ಆದರೆ ಪ್ಯಾಡುಗಳು ಸವೆದ ಹಳೆಯ ಯಂತ್ರದಲ್ಲಿ ಕಂಬಗಳು ಒಂದಕ್ಕೊಂದು ಓರೆಯಾಗಿ ನಿಂತು ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜುತ್ತದೆ. ಕಂಬದ ಮೈಮೇಲೆ ಉದ್ದುದ್ದ ಗೀರುಗಳೂ ಬೂದುಬಣ್ಣದ ಪುಡಿಯೂ ಕಂಡರೆ ನಿಮ್ಮ ಹುಡುಗರ ಅಂಜಿಕೆಗೆ ಆಧಾರವಿದೆ ಎಂದೇ ತಿಳಿಯಿರಿ.

ಭಾಗ ಮುರಿದು ಆಗುವ ಅಪಘಾತಕ್ಕಿಂತ ನಾನು ಹೆಚ್ಚು ಹೆದರುವುದು ಯಂತ್ರ ಇಡಿಯಾಗಿ ವಾಲುವುದಕ್ಕೆ. ಅದಕ್ಕೆ ಮುಖ್ಯ ಕಾರಣ ನೆಲ. ಲೆಕ್ಕವನ್ನೇ ನೋಡಿ: ನಾಲ್ಕು ಔಟ್‌ರಿಗರುಗಳ (ಯಂತ್ರ ವಾಲದಂತೆ ಬದಿಗೆ ಚಾಚುವ, ತುದಿಯಲ್ಲಿ ಜಾಕಿರುವ ಕಾಲುಗಳ) ನಡುವಿನ ಅಗಲ 1.5 ಮೀಟರ್ ಇದ್ದು, ಒಂದು ಬದಿಯ ಜಾಕು ಬರೀ 2.6 ಸೆಂ.ಮೀ. ಕುಸಿದರೆ ಯಂತ್ರ 1 ಡಿಗ್ರಿ ವಾಲುತ್ತದೆ. ಆ 1 ಡಿಗ್ರಿಗೆ 7.5 ಮೀಟರ್ ಎತ್ತರದಲ್ಲಿರುವ ಬಾಸ್ಕೆಟ್ಟು 13 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಸರಿದ ಭಾರ ಆ ಕುಸಿದ ಜಾಕಿನ ಮೇಲೆಯೇ ಇನ್ನಷ್ಟು ಬೀಳುವುದರಿಂದ ಅದು ಮತ್ತೂ ಕುಸಿಯುತ್ತದೆ; ಮೇಲಿದ್ದವನು ಹೆದರಿ ಬಾಸ್ಕೆಟ್ಟಿನ ಇನ್ನೊಂದು ಅಂಚಿಗೆ ಜಿಗಿದರೆ ಪರಿಸ್ಥಿತಿ ಕೈಮೀರುತ್ತದೆ. ಕೆಲವೇ ಸೆಕೆಂಡುಗಳ ವ್ಯವಹಾರ ಇದು.

ನಮ್ಮ ಭಾಗದ ನೆಲದ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ಕಲಬುರಗಿಯ ಹಳೆಯ ಗೋದಾಮು, ಮಿಲ್ಲುಗಳಲ್ಲಿ ಕಾಂಕ್ರೀಟಿಗಿಂತ ಶಹಾಬಾದ್ ಕಲ್ಲಿನ ಹಾಸೇ ಹೆಚ್ಚು. ಕಲ್ಲು ಗಟ್ಟಿಯಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಕೆಳಗೆ ತುಂಬಿದ ಮಣ್ಣು ಎರೆಯದಾಗಿದ್ದರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಕೆಲವು ವರ್ಷಗಳಲ್ಲಿ ಕಲ್ಲಿನ ಅಡಿಯಲ್ಲಿ ಪೊಳ್ಳು ಮಾಡಿಬಿಡುತ್ತದೆ. ಮೇಲೆ ಹಮಾಲರು ಚೀಲ ಹೊತ್ತು ಓಡಾಡಿದರೂ ಏನೂ ತಿಳಿಯುವುದಿಲ್ಲ. ಒಂದು ಗೋದಾಮಿನಲ್ಲಿ ಬಾಸ್ಕೆಟ್ಟು ಮೇಲೇರುವ ಮೊದಲೇ, ಜಾಕಿನ ತಿರುಪು ಬಿಗಿಯುತ್ತಿದ್ದಾಗಲೇ, ಕಲ್ಲು ಮೂಲೆಯಿಂದ ಮೂಲೆಗೆ ಸೀಳಿದ್ದನ್ನು ನಾನು ಕಂಡಿದ್ದೇನೆ. ಸೀಳಿನೊಳಗೆ ಅಡಿಕೋಲು ಇಳಿಬಿಟ್ಟರೆ ನಾಲ್ಕು ಬೆರಳಷ್ಟು ಕೆಳಗೆ ಹೋಗಿ ಮಣ್ಣಿಗೆ ತಾಗಿತು. ಆದ್ದರಿಂದ ಲಿಫ್ಟು ನಿಲ್ಲಿಸುವ ಜಾಗದ ಪ್ರತಿ ಕಲ್ಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಪೊಳ್ಳಿನ ಸದ್ದು ಬಂದ ಕಲ್ಲಿನ ಮೇಲೆ ಜಾಕು ಇಡಬಾರದು.

ಜಾಕಿನ ಅಡಿಗೆ ಹಲಗೆ ಇಡುವುದನ್ನು ಅನೇಕರು ಔಪಚಾರಿಕವೆಂದು ತಿಳಿಯುತ್ತಾರೆ. ಯಂತ್ರ 350 ಕೆ.ಜಿ., ಮೇಲಿನ ಮನುಷ್ಯ ಮತ್ತು ಸಾಮಾನು 120 ಕೆ.ಜಿ., ಒಟ್ಟು 470 ಕೆ.ಜಿ. ಎಂದುಕೊಂಡರೆ, ಬಾಸ್ಕೆಟ್ಟು ಒಂದು ಮೂಲೆಗೆ ತೂಗಿದಾಗ ಅರ್ಧದಷ್ಟು, ಸುಮಾರು 235 ಕೆ.ಜಿ., ಒಂದೇ ಜಾಕಿನ ಮೇಲೆ ಬರಬಹುದು. ಜಾಕಿನ ಪಾದ 8 ಸೆಂ.ಮೀ. ವ್ಯಾಸದ್ದಾದರೆ ನೆಲದ ಪ್ರತಿ ಚದರ ಸೆಂ.ಮೀ. ಮೇಲೆ 4.7 ಕೆ.ಜಿ. ಒತ್ತಡ ಬೀಳುತ್ತದೆ. ಅದೇ ಪಾದದ ಕೆಳಗೆ 30 ಸೆಂ.ಮೀ. ಚೌಕದ, ಬಾಗದಷ್ಟು ದಪ್ಪನೆಯ ಹಲಗೆ ಇಟ್ಟರೆ ಒತ್ತಡ 0.26 ಕೆ.ಜಿ.ಗೆ ಇಳಿಯುತ್ತದೆ, ಹದಿನೆಂಟರಲ್ಲಿ ಒಂದು ಪಾಲು. ಹಸಿ ಎರೆಮಣ್ಣು ಮೊದಲನೆಯದನ್ನು ತಾಳಲಾರದು, ಎರಡನೆಯದನ್ನು ಸಾಮಾನ್ಯವಾಗಿ ತಾಳೀತು. ಹಲಗೆ ಇಟ್ಟು, ನಾಲ್ಕೂ ಜಾಕುಗಳನ್ನು ಬಿಗಿದು, ಚಾಸಿಯ ಮೇಲಿನ ರಸಮಟ್ಟದ ಗುಳ್ಳೆ ನಡುವಿಗೆ ಬಂದ ಮೇಲೆಯೇ ಏರಿಸಬೇಕು. ಒಳ್ಳೆಯ ಯಂತ್ರಗಳಲ್ಲಿ ಒಂದು ಜಾಕು ನೆಲಕ್ಕೆ ಕೂಡದಿದ್ದರೂ ಮೋಟಾರು ಚಾಲೂ ಆಗದಂತೆ ಸ್ವಿಚ್ಚು ಇರುತ್ತದೆ.

ಬಾಸ್ಕೆಟ್ಟಿನಲ್ಲಿ ಜನ ಇರುವಾಗಲೇ ಲಿಫ್ಟನ್ನು ತಳ್ಳಿಕೊಂಡು ಮುಂದಿನ ಲೈಟಿನ ಕೆಳಗೆ ಒಯ್ಯುವ ಚಾಳಿಯನ್ನು ನಿಮ್ಮಲ್ಲಿ ಮೊದಲ ದಿನವೇ ನಿಷೇಧಿಸಿ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 16368 ಇಂಥ ಯಂತ್ರಗಳನ್ನು ಎರಡು ಗುಂಪು ಮಾಡುತ್ತದೆ. ಬಾಸ್ಕೆಟ್ಟು ಯಾವಾಗಲೂ ಬುಡದ ಪರಿಧಿಯೊಳಗೇ ಏರಿಳಿಯುವವು ಎ ಗುಂಪು. ಬೂಮ್ ಲಿಫ್ಟಿನಂತೆ ಪರಿಧಿಯಾಚೆಗೆ ಕೈ ಚಾಚುವವು ಬಿ ಗುಂಪು. ಪ್ರತಿ ಗುಂಪಿನಲ್ಲೂ ಬಾಸ್ಕೆಟ್ಟು ಪೂರ್ತಿ ಇಳಿದಾಗ ಮಾತ್ರ ಜರುಗಿಸಬಹುದಾದವನ್ನು 1ನೆಯ ವಿಧವೆಂದು ಕರೆಯುತ್ತಾರೆ. ನೀವು ನೋಡಿದ ತಳ್ಳುಗಾಡಿ ಮಾದರಿಯ ಲಿಫ್ಟು ಎ ಗುಂಪಿನ 1ನೆಯ ವಿಧದ್ದು. ಪ್ರತಿ ಲೈಟಿಗೂ ಇಳಿಸಿ, ಜಾಕು ಎತ್ತಿ, ಸರಿಸಿ, ಮತ್ತೆ ಜಾಕು ಬಿಗಿದು ಏರಿಸುವುದು ಬೇಸರದ ಕೆಲಸ ನಿಜ, ಆದರೆ ಬೇರೆ ದಾರಿಯಿಲ್ಲ.

ಬೇರಿಂಗ್ ಕೆಲಸಕ್ಕೆ ಬೇಡವೆಂದದ್ದಕ್ಕೆ ಕಾರಣ ಅಡ್ಡಬಲ. ಒಬ್ಬರಿಗೆಂದೇ ಮಾಡಿದ ಯಂತ್ರದಲ್ಲಿ, ಮೇಲೆ ನಿಂತವನು ಕೈಯಿಂದ ಪಕ್ಕಕ್ಕೆ ತಳ್ಳುವ ಅಥವಾ ಎಳೆಯುವ ಬಲವನ್ನು ಇಎನ್ 280 ಮಾನಕ 200 ನ್ಯೂಟನ್, ಅಂದರೆ ಸುಮಾರು 20 ಕೆ.ಜಿ. ಎಂದು ಹಿಡಿದು ಸ್ಥಿರತೆಯ ಲೆಕ್ಕ ಹಾಕುತ್ತದೆ. ಬಲ್ಬು ತಿರುಗಿಸಲು, ಹೋಲ್ಡರಿನ ಸ್ಕ್ರೂ ಬಿಗಿಯಲು ಅಷ್ಟು ಧಾರಾಳವಾಗಿ ಸಾಕು. ತುಕ್ಕು ಹಿಡಿದ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಮೈಭಾರ ಬಿಟ್ಟು ಜಗ್ಗುವವನು 40 ಕೆ.ಜಿ.ಯಷ್ಟು ಬಲವನ್ನು ಲೆಕ್ಕವಿಲ್ಲದೆ ಹಾಕುತ್ತಾನೆ. ಬೋಲ್ಟು ಒಮ್ಮೆಲೆ ಸಡಿಲಾದಾಗ ಆ ಜಗ್ಗು ಬಾಸ್ಕೆಟ್ಟಿಗೇ ಹೋಗುತ್ತದೆ. ಬೇರಿಂಗ್ ಕೀಳುವ ಪುಲ್ಲರು, ಸುತ್ತಿಗೆ, ಬಿಚ್ಚಿದ ಪ್ಲಮರ್ ಬ್ಲಾಕು (ಬೇರಿಂಗ್ ಕೂರುವ ಮನೆ) ಇವೆಲ್ಲದರ ತೂಕ ಬೇರೆ. ಮಾನಕ ಮನುಷ್ಯನಿಗೆ 80 ಕೆ.ಜಿ., ಸಾಮಾನಿಗೆ ಕನಿಷ್ಠ 40 ಕೆ.ಜಿ. ಎಂದು ಲೆಕ್ಕ ಹಾಕುವುದರಿಂದ ಲೋಡ್ ಪ್ಲೇಟಿನ ಮೇಲೆ 120 ಕೆ.ಜಿ. ಎಂದು ಬರೆದ ಲಿಫ್ಟಿನಲ್ಲಿ ಎರಡನೆಯವನಿಗೆ ಜಾಗವೇ ಇಲ್ಲ ಎಂಬುದು ನಿಮಗೇ ತಿಳಿಯುತ್ತದೆ. ಎಲಿವೇಟರಿನ ತಲೆಯ ಹತ್ತಿರ ಕಟಕಟೆಯಿರುವ ಕಬ್ಬಿಣದ ಅಟ್ಟ ಮತ್ತು ಖಾಯಂ ಏಣಿಯನ್ನು ಒಮ್ಮೆ ಫ್ಯಾಬ್ರಿಕೇಟರಿನಿಂದ ಮಾಡಿಸಿಬಿಡಿ. ಪದೇ ಪದೇ ಹೋಗಬೇಕಾದ ಜಾಗಕ್ಕೆ ಲಿಫ್ಟು ಸರಿಯಾದ ಪರಿಹಾರವಲ್ಲ.

ಹೊರಗಿನ ಕೆಲಸಕ್ಕೆ ಗಾಳಿ ಅಡ್ಡಿ. ಹೊರಾಂಗಣಕ್ಕೆಂದು ಮಾಡಿದ ಯಂತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಗಾಳಿಯವರೆಗೆ ಲೆಕ್ಕ ಹಾಕಿರುತ್ತಾರೆ. ಹಗುರವಾದ ಮಾಸ್ಟ್ ಲಿಫ್ಟುಗಳಲ್ಲಿ ಬಹಳಷ್ಟು ಒಳಾಂಗಣಕ್ಕೆ ಮಾತ್ರ, ಅವುಗಳ ಪ್ಲೇಟಿನಲ್ಲಿ ಗಾಳಿಯ ಮಿತಿ ಸೊನ್ನೆ ಎಂದೇ ಇರುತ್ತದೆ. ಗಂಟೆಗೆ 45 ಕಿ.ಮೀ. ಗಾಳಿಯಲ್ಲಿ 3 ಚದರ ಮೀಟರಿನ ಚಾವಣಿ ಶೀಟೊಂದನ್ನು ಎದುರಾಗಿ ಹಿಡಿದರೆ ಅದು ಸುಮಾರು 30 ಕೆ.ಜಿ. ಬಲದಿಂದ ಪಕ್ಕಕ್ಕೆ ತಳ್ಳುತ್ತದೆ, ಮೇಲೆ ಹೇಳಿದ 20 ಕೆ.ಜಿ. ಅಲ್ಲಿಗೇ ದಾಟಿತು. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಹೇಳದೆ ಕೇಳದೆ ಏಳುವ ಗಾಳಿಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಜನ ಶೀಟು ಬಿಗಿ ಮಾಡಿಸುವುದೂ ಅದೇ ತಿಂಗಳಲ್ಲಿ. ಹೊರಗಿನಿಂದಲೇ ಆಗಬೇಕಾದ ಕೆಲಸಕ್ಕೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ದೊಡ್ಡ ಜಾಗಗಳಲ್ಲಿ ಬಳಸುವ ಬೂಮ್ ಲಿಫ್ಟನ್ನು ಆಪರೇಟರ್ ಸಮೇತ ಬಾಡಿಗೆಗೆ ತರಿಸುವುದು ಉತ್ತಮ. ಹಳೆಯ ಸಿಮೆಂಟ್ ಶೀಟಾಗಿದ್ದರೆ ಅದರ ಮೇಲೆ ಕಾಲಿಡಲು ಯಾರನ್ನೂ ಬಿಡಬೇಡಿ.

ಸುರಕ್ಷತಾ ಬೆಲ್ಟಿನ ವಿಷಯದಲ್ಲಿ ಗೊಂದಲ ಹೆಚ್ಚು. ಬೂಮ್ ಲಿಫ್ಟಿನಲ್ಲಿ ಚಕ್ರವೊಂದು ಗುಂಡಿಗೆ ಇಳಿದರೂ ಬಾಸ್ಕೆಟ್ಟು ಚಾಟಿಯಂತೆ ಚಿಮ್ಮಿ ಮನುಷ್ಯನನ್ನು ಹೊರಗೆಸೆಯಬಲ್ಲದು. ಅಲ್ಲಿ ಭಾರತೀಯ ಮಾನಕ ಐಎಸ್ 3521ರ ಗುರುತಿನ ಪೂರ್ತಿ ಮೈಯ ಹಾರ್ನೆಸ್ ಮತ್ತು ಗಿಡ್ಡ ಹಗ್ಗ ಇರಲೇಬೇಕು. ನೇರವಾಗಿ ಏರುವ ನಿಮ್ಮ ಲಿಫ್ಟಿನಲ್ಲಿ ಮೊದಲ ರಕ್ಷಣೆ ಕಟಕಟೆಯೇ. ಹಾರ್ನೆಸ್ ಹಾಕಿದರೂ ಹಗ್ಗ ಎಷ್ಟು ಗಿಡ್ಡವಿರಬೇಕೆಂದರೆ ಮನುಷ್ಯ ಕಟಕಟೆ ದಾಟಲೇ ಆಗಬಾರದು. ಉದ್ದನೆಯ ಹಗ್ಗದಲ್ಲಿ ಹೊರಗೆ ಬಿದ್ದು ಜೋತಾಡಿದರೆ ಆ ಜಗ್ಗಿಗೆ ಇಷ್ಟು ಹಗುರವಾದ ಯಂತ್ರವೇ ಅವನೊಂದಿಗೆ ಉರುಳಬಹುದು. ಹಗ್ಗವನ್ನು ತಯಾರಕರು ಗುರುತು ಮಾಡಿದ ಕೊಂಡಿಗೇ ಹಾಕಬೇಕು, ಎಂದಿಗೂ ಪಕ್ಕದಲ್ಲಿರುವ ಚಾವಣಿಯ ಟ್ರಸ್ಸಿಗಲ್ಲ. ಟ್ರಸ್ಸಿಗೆ ಕಟ್ಟಿಕೊಂಡವನ ಕೆಳಗಿನಿಂದ ಯಾರೋ ಲಿಫ್ಟು ಇಳಿಸಿಬಿಟ್ಟರೆ ಏನಾಗುತ್ತದೆಂದು ಊಹಿಸಿ. ಕಟಕಟೆಯ ಮೇಲೆ ಹತ್ತಿ ನಿಲ್ಲುವುದು, ಬಾಸ್ಕೆಟ್ಟಿನೊಳಗೆ ಸ್ಟೂಲು ಇಡುವುದು ಇವು ಮಾತಿಗೂ ಯೋಗ್ಯವಲ್ಲ.

ಅಲ್ಯೂಮಿನಿಯಂ ವಿದ್ಯುತ್ತಿನ ಒಳ್ಳೆಯ ವಾಹಕ ಎಂಬುದನ್ನೂ ಮರೆಯಬಾರದು. ಲೈಟು ಬದಲಿಸುವ ಮೊದಲು ಬರೀ ಸ್ವಿಚ್ಚು ಆರಿಸಿದರೆ ಸಾಲದು, ಎಂಸಿಬಿ ಇಳಿಸಿ ಬೀಗ ಹಾಕಿ, ಬೀಗದ ಕೈ ಮೇಲೆ ಹೋಗುವವನ ಕಿಸೆಯಲ್ಲಿರಬೇಕು. ಅಂಗಳದಲ್ಲಿ ವಿದ್ಯುತ್ ಕಂಪನಿ ಜೆಸ್ಕಾಂನ 11 ಕೆ.ವಿ. ತಂತಿ ಹಾದುಹೋಗಿದ್ದರೆ ಅದರಿಂದ ಕನಿಷ್ಠ 3 ಮೀಟರ್ ದೂರ ಎಂಬುದು ಬಹಳ ಕಡೆ ಪಾಲಿಸುವ ನಿಯಮ. ನಾನಾದರೆ ಲೈನು ಬಂದ್ ಮಾಡಿಸದೆ ಆ ಬದಿಗೆ ಲಿಫ್ಟು ತರುವುದೇ ಇಲ್ಲ. ಬ್ಯಾಟರಿಯ ಮಾದರಿಯಾಗಿದ್ದರೆ ಚಾರ್ಜ್ ಆಗುವಾಗ ಹೈಡ್ರೊಜನ್ ಹೊರಬರುತ್ತದೆ, ಆದ್ದರಿಂದ ದೂಳು ತುಂಬಿದ ಮಿಲ್ಲಿನ ಒಳಗಲ್ಲ, ಗಾಳಿಯಾಡುವ ಬೇರೆ ಕಡೆ ಚಾರ್ಜ್ ಮಾಡಿಸಿ.

ಕಾನೂನಿನ ಮಾತು ಸಂಕ್ಷೇಪವಾಗಿ. ಬೀಳುವ ಸಂಭವವಿರುವ ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೀಳದಂತೆ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 32ನೆಯ ಕಲಮು ವಿಧಿಸಿತ್ತು. ಜನರನ್ನು ಒಯ್ಯುವ ಲಿಫ್ಟುಗಳನ್ನು 6 ತಿಂಗಳಿಗೊಮ್ಮೆ, ಎತ್ತುವ ಯಂತ್ರ ಮತ್ತು ಚೈನುಗಳನ್ನು 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಿ ರಿಜಿಸ್ಟರಿನಲ್ಲಿ ಬರೆಯಬೇಕೆಂದು 28 ಮತ್ತು 29ನೆಯ ಕಲಮುಗಳು ಹೇಳುತ್ತಿದ್ದವು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಮನುಷ್ಯರನ್ನು ಹೊರುವ ಯಂತ್ರವಾದ್ದರಿಂದ ನೀವು 6 ತಿಂಗಳ ಲೆಕ್ಕವನ್ನೇ ಹಿಡಿಯಿರಿ.

ಕೊಳ್ಳುವ ಮುನ್ನ ಮಾರುವವರ ಅಂಗಳದಲ್ಲೇ ಮೂರು ಸಂಗತಿ ಮಾಡಿಸಿ ನೋಡಿ. ಮನುಷ್ಯನ ಬದಲು ಪ್ಲೇಟಿನಲ್ಲಿ ಬರೆದಷ್ಟೇ ತೂಕದ ಬೇಳೆ ಚೀಲಗಳನ್ನು ಬಾಸ್ಕೆಟ್ಟಿಗೆ ಹಾಕಿ ಪೂರ್ತಿ ಏರಿಸಿ, ಕಂಬಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಹತ್ತು ನಿಮಿಷ ಬಿಡಿ. ಗೆರೆ ಕಣ್ಣಿಗೆ ಕಾಣುವಷ್ಟು ಕೆಳಗಿಳಿದಿದ್ದರೆ ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ. ಆಮೇಲೆ ಕರೆಂಟು ತೆಗೆದು, ಕೆಳಗಿರುವ ಕೈವಾಲ್ವಿನಿಂದ ಬಾಸ್ಕೆಟ್ಟು ನಿಧಾನವಾಗಿ ಇಳಿಯುತ್ತದೆಯೇ ನೋಡಿ. ಆ ವಾಲ್ವು ಎಲ್ಲಿದೆ ಎಂಬುದು ಲಿಫ್ಟು ಬಳಸುವಾಗ ಕೆಳಗೆ ನಿಲ್ಲುವ ಮನುಷ್ಯನಿಗೆ ಗೊತ್ತಿರಬೇಕು, ಅಂಥವನೊಬ್ಬ ಯಾವಾಗಲೂ ಕೆಳಗೆ ಇರಲೇಬೇಕು. ಕೊನೆಯದಾಗಿ, ಏರುತ್ತಿರುವಾಗಲೇ ಮೇಲಿನ ಮತ್ತು ಕೆಳಗಿನ ಎರಡೂ ಎಮರ್ಜೆನ್ಸಿ ಬಟನ್ನುಗಳನ್ನು ಒಂದೊಂದಾಗಿ ಒತ್ತಿಸಿ. ಲೋಡ್ ಪ್ಲೇಟು ಕಿತ್ತುಹೋಗಿದ್ದರೆ, ಪುಸ್ತಕ ಕಳೆದಿದೆ ಎಂದರೆ, ಅಥವಾ ಚೈನು ಅಳೆಯಲು ಮುಚ್ಚಳ ಬಿಚ್ಚಿಕೊಡುವುದಿಲ್ಲ ಎಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಯಂತ್ರ ಬೇಡ.